ಎರಡೂವರೆ ಕೆಜಿ

"ಕದ್ದು ಎಲ್ಲಿಗೆ ಹಾಕ್ಕೋತೀಯೇ ಹಾಳಾದೋಳೆ? ಹೊಟ್ಟೆಗಾ? ಇಪ್ಪತ್ನಾಲ್ಕು ದಿನ! ಇಪ್ಪತ್ನಾಲ್ಕೇ ದಿನಕ್ಕೆ ಒಲೆ ಉಸ್ಸಂತ ಆರಿಹೋಯ್ತು. ಅನ್ನ ಇನ್ನೂ ಅರ್ಧ ಬೆಂದಿತ್ತು. ಮಕ್ಕಳಿಗೆ ಅಕ್ಕಿ ಅಗಿಯೋಕೆ ಹೇಳ್ಲಾ?"

ಮೆಟ್ಟಿಲಕ್ಕ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ತುಂಬಿದ ಸಿಲಿಂಡರು ಹಣೆಯ ಪಟ್ಟಿಗೆ ಜೋತುಬಿದ್ದು ಇನ್ನೂ ಬೆನ್ನ ಮೇಲೆಯೇ ಇತ್ತು. ಅದನ್ನು ಇಳಿಸಿದ ಮೇಲೆ ಬಯ್ದಿದ್ದರೂ ಬೈಗುಳವೇನೂ ಹಳಸಿ ಹೋಗುತ್ತಿರಲಿಲ್ಲ. ಅವಳು ಹೊಸ್ತಿಲಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಸಿಲಿಂಡರನ್ನು ಮೆಲ್ಲಗೆ ನೆಲಕ್ಕೆ ಮುಟ್ಟಿಸಿ, ಪಟ್ಟಿ ತೆಗೆದು ಹಣೆ ಒರೆಸಿಕೊಂಡಳು.

"ಸೀಲ್ ನೋಡ್ಕೊ. ಗಟ್ಟಿಯಾಗೈತೆ," ಅಂದಳು.

"ಸೀಲ್ ಬೇಯಿಸ್ಕೊಂಡು ತಿನ್ಲೇನೇ?" ಅಂದಳು ಟೈಲರಮ್ಮ.

ಟೈಲರಮ್ಮನ ಮನೆ ಗುಡ್ಡದ ತುತ್ತತುದಿಯ ಸಾಲಿನಲ್ಲಿತ್ತು. ಒಂದೇ ಕೋಣೆ, ಅದರಲ್ಲಿ ಒಂದು ಹೊಲಿಗೆ ಮಷೀನು, ಮೂರು ಮಕ್ಕಳು, ಮೂಲೆಯಲ್ಲಿ ಗ್ಯಾಸಿನ ಒಲೆ. ಬಾಯಿ ಅವಳ ಕತ್ತರಿಯಷ್ಟೇ ಚುರುಕು. ಅವಳೊಬ್ಬಳೇ ಬಯ್ಯುತ್ತಿದ್ದರೆ ಮೆಟ್ಟಿಲಕ್ಕ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಇಡೀ ಗುಡ್ಡವೇ ಬಯ್ಯುತ್ತಿತ್ತು. ತಿಂಗಳು ಬರಬೇಕಾದ ಗ್ಯಾಸು ಇಪ್ಪತ್ತೈದು ದಿನಕ್ಕೇ ಮುಗಿದರೆ ಯಾರಾದರೂ ಯಾರನ್ನಾದರೂ ಬಯ್ಯಲೇಬೇಕು. ಏಜೆನ್ಸಿಯ ಧಣಿಯನ್ನು ಬಯ್ಯಬೇಕೆಂದರೆ ಮುನ್ನೂರ ಹದಿನಾರು ಮೆಟ್ಟಿಲು ಇಳಿಯಬೇಕು. ಮೆಟ್ಟಿಲಕ್ಕ ಬಾಗಿಲಿಗೇ ಬರುತ್ತಿದ್ದಳು.

ಲಾರಿ ಗುಡ್ಡದ ಕೆಳಗಿನ ಡಾಂಬರು ರಸ್ತೆಗೇ ನಿಲ್ಲುತ್ತದೆ. ಅಲ್ಲಿಯೇ ಏಜೆನ್ಸಿಯ ಗೋದಾಮು, ಅಂಗಳ, ದೊಡ್ಡ ಕಬ್ಬಿಣದ ಗೇಟು. ಗೋಡೆಯ ಮೇಲೆ 'ಮನೆ ಬಾಗಿಲಿಗೇ ಸರಬರಾಜು' ಎಂದು ಆಳೆತ್ತರದ ಅಕ್ಷರ. ಗೋಡೆಯಿಂದ ಮನೆಯ ಬಾಗಿಲಿಗೆ ಹೋಗುವುದು ಮಾತ್ರ ಒಂಬತ್ತು ಜನರ ಬೆನ್ನಿನ ಮೇಲೆ. ಐದು ಗಂಡಸರು, ನಾಲ್ವರು ಹೆಂಗಸರು. ಏಜೆನ್ಸಿಯ ಹಾಜರಿ ಪುಸ್ತಕದಲ್ಲಿ ಇವರು ಯಾರೂ ಇಲ್ಲ. ಇದು ಮೆಟ್ಟಿಲಕ್ಕನಿಗೆ ಗೊತ್ತಾದದ್ದು ಆರು ವರ್ಷದ ಹಿಂದೆ, ಅವಳ ಗಂಡ ಸಿಲಿಂಡರು ಹೊತ್ತುಕೊಂಡೇ ಜಾರಿ ಬಿದ್ದು ಸತ್ತಾಗ. ಏಜೆನ್ಸಿಯ ಗುಮಾಸ್ತ ಓಡಿ ಬಂದು ಮೊದಲು ಸಿಲಿಂಡರನ್ನು ತಿರುಗಿಸಿ ತಿರುಗಿಸಿ ನೋಡಿದ್ದ, ಎಲ್ಲಾದರೂ ನೆಗ್ಗಿದೆಯಾ ಅಂತ. ನೆಗ್ಗಿರಲಿಲ್ಲ. "ದೇವರು ದೊಡ್ಡವನು," ಅಂದಿದ್ದ. ಆಮೇಲೆ ಈತ ನಮ್ಮ ನೌಕರನಲ್ಲ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದ. ಹದಿನೈದನೆಯ ದಿನ ಅವಳು ಗಂಡನ ಪಟ್ಟಿಯನ್ನು ತನ್ನ ಹಣೆಗೆ ಹಾಕಿಕೊಂಡಳು. ಅದು ಸ್ವಲ್ಪ ಉದ್ದವಾಗಿತ್ತು. ಗಂಟು ಹಾಕಿ ಸರಿಮಾಡಿಕೊಂಡಳು.

ಆರು ವರ್ಷದಲ್ಲಿ ಅವಳ ಬೆನ್ನು ಒಂದು ವಿದ್ಯೆ ಕಲಿತಿತ್ತು. ಕಬ್ಬಿಣ ಹದಿನೈದು ಕೆಜಿ, ಗ್ಯಾಸು ಹದಿನಾಲ್ಕು. ಲಾರಿಯಿಂದ ಎತ್ತಿ ಮೂರು ಮೆಟ್ಟಿಲು ಹತ್ತುವುದರೊಳಗೆ ಒಳಗೆಷ್ಟಿದೆ ಅಂತ ಬೆನ್ನೇ ಹೇಳುತ್ತಿತ್ತು. ಮೊದಲೆಲ್ಲ ಅದು ಹೇಳಿದ್ದು ಒಂದೇ ಮಾತು: ಹದಿನಾಲ್ಕು. ಈ ನಾಲ್ಕು ತಿಂಗಳಿಂದ ಬೇರೆ ಹೇಳುತ್ತಿತ್ತು: ಹನ್ನೊಂದೂವರೆ.

ಹೊರೆ ಹಗುರಾದರೆ ಹೊರುವವಳಿಗೆ ಖುಷಿಯಾಗಬೇಕು. ಆಗಿತ್ತು ಕೂಡ, ಮೊದಲ ಎರಡು ದಿನ.

ನಾಲ್ಕು ತಿಂಗಳ ಹಿಂದೆಯೇ ಇನ್ನೊಂದು ಸಂಗತಿ ನಡೆದಿತ್ತು. ಅವಳ ಮೈದುನನಿಗೆ ಏಜೆನ್ಸಿಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಸಿಕ್ಕಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಕೆಲಸ. ಅತ್ತೆ ಅವತ್ತು ಕೆಮ್ಮುತ್ತಲೇ ನಕ್ಕಿದ್ದಳು. ಮೈದುನ ಏಳು ವರ್ಷದವನಿದ್ದಾಗ ಮೆಟ್ಟಿಲಕ್ಕ ಆ ಮನೆಗೆ ಸೊಸೆಯಾಗಿ ಬಂದದ್ದು. ಮೂಗು ಒರೆಸಿದವಳು, ಶಾಲೆಗೆ ಎಳೆದುಕೊಂಡು ಹೋದವಳು, ಮೀಸೆ ಬಂದಾಗ ಮೊದಲು ನೋಡಿ ನಕ್ಕವಳು ಅವಳೇ. "ಶೆಡ್ಡಲ್ಲಿ ಏನು ಕೆಲ್ಸನೋ?" ಅಂತ ಕೇಳಿದ್ದಕ್ಕೆ, "ಹಳೇ ಸಿಲಿಂಡರಿಗೆ ಬಣ್ಣ ಹಚ್ಚೋದು ಅತ್ತಿಗೆ," ಅಂದಿದ್ದ. ಬಣ್ಣ ಹಚ್ಚುವವನ ಕೈಗೆ ಬಣ್ಣ ಮೆತ್ತಿರಬೇಕು. ಅವನ ಕೈ ಸ್ವಚ್ಛವಾಗಿರುತ್ತಿತ್ತು, ಬೆರಳ ತುದಿಗಳು ಮಾತ್ರ ಸುಟ್ಟ ಹಾಗೆ ಬೆಳ್ಳಗಾಗಿದ್ದವು. ಅವಳು ನೋಡಿದ್ದಳು. ನೋಡಿ, ಅನ್ನ ಬಡಿಸಿ, ಸುಮ್ಮನಾಗಿದ್ದಳು. ಎರಡಕ್ಕೆ ಎರಡು ಸೇರಿಸಲು ಬಾರದವಳೇನಲ್ಲ ಅವಳು. ಸೇರಿಸಲು ಮನಸ್ಸಿರಲಿಲ್ಲ.

ಆ ಅನ್ನ ಬೆಂದದ್ದು ಮರದ ಹೊಟ್ಟಿನ ಒಲೆಯ ಮೇಲೆ. ಗುಡ್ಡಕ್ಕೆಲ್ಲ ಗ್ಯಾಸು ಹೊರುವವಳ ಮನೆಯಲ್ಲಿ ಗ್ಯಾಸಿರಲಿಲ್ಲ. ರಿಯಾಯಿತಿ ಚೀಟಿ ಗಂಡನ ಹೆಸರಿನಲ್ಲಿತ್ತು. ಬದಲಾಯಿಸಿಕೊಡಿ ಅಂತ ಸರ್ಕಾರಿ ಕಚೇರಿಗೆ ಹೋದರೆ, 'ಕುಟುಂಬದ ಯಜಮಾನರು ಖುದ್ದಾಗಿ ಹಾಜರಾಗತಕ್ಕದ್ದು' ಎಂಬ ಸಾಲನ್ನು ಬೆರಳಿಟ್ಟು ತೋರಿಸಿದ್ದರು. ಯಜಮಾನರು ತೀರಿಕೊಂಡಿದ್ದಾರೆ ಅಂದಳು. ಹಾಗಾದರೆ ಅದನ್ನು ಅವರೇ ಬಂದು ಹೇಳಬೇಕು ಎನ್ನುವ ಹಾಗೆ ಅಲ್ಲಿನ ಗುಮಾಸ್ತ ಅವಳ ಮುಖ ನೋಡಿದ್ದ. ಹೀಗೆ ಆರು ವರ್ಷ. ಹೊಟ್ಟಿನ ಹೊಗೆ ಅತ್ತೆಯ ಎದೆಯೊಳಗೆ ಸೇರಿ ಅಲ್ಲೇ ಮನೆ ಮಾಡಿಕೊಂಡಿತ್ತು.

*

ಸಮಿತಿ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಪೂರೈಕೆ ಸರಪಳಿ ಸುಧಾರಣಾ ಸಮಿತಿ. ಒಬ್ಬ ಎತ್ತರದ ಸಾಹೇಬ, ಕಂಪ್ಯೂಟರು ತೊಡೆಯ ಮೇಲಿಟ್ಟುಕೊಂಡ ಒಬ್ಬ ಮೇಡಂ, ಬರೆದುಕೊಳ್ಳುವವನೊಬ್ಬ. ಜೀಪಿನ ಹಿಂಬದಿಯಲ್ಲಿ ಹೊಚ್ಚಹೊಸ ತೂಕದ ಯಂತ್ರ. ಬಡವರಿಗೆ ಸೇರಬೇಕಾದ ಗ್ಯಾಸು ದಾರಿಯಲ್ಲಿ ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಧಣಿ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಎಳನೀರು ಕೊಡಿಸಿ, ಎಲ್ಲಿ ಸೋರುತ್ತಿದೆ ಎಂದು ತನಗೂ ತಿಳಿಯುವ ಆಸೆಯಿದೆ ಎಂದ.

ಹೊರುವವರನ್ನು ಶಾಮಿಯಾನದ ಹಗ್ಗದಾಚೆ ನಿಲ್ಲಿಸಿದ್ದರು. ಗೋಡೆಗೆ ಒಂದು ದೊಡ್ಡ ಚಿತ್ರ ಅಂಟಿಸಿ ಸಾಹೇಬ ಕೋಲು ಹಿಡಿದು ವಿವರಿಸಿದ. ಹಡಗು, ಅಲ್ಲಿಂದ ದಪ್ಪ ಗೆರೆ. ತುಂಬಿಸುವ ಕಾರ್ಖಾನೆ, ಅಲ್ಲಿಂದ ದಪ್ಪ ಗೆರೆ. ಲಾರಿ, ಗೋದಾಮು. ಗೋದಾಮಿನಿಂದ ಒಂದು ಪುಟ್ಟ ಮನೆಯವರೆಗೆ ಬರೀ ಚುಕ್ಕಿಗಳು.

"ಸ್ವಾಮಿ," ಅಂದಳು ಮೆಟ್ಟಿಲಕ್ಕ, "ಆ ಚುಕ್ಕಿ ಏನು?"

ಗುಮಾಸ್ತ ಹಲ್ಲು ಕಚ್ಚಿದ. "ಮುಚ್ಚೇ ಬಾಯಿ ಮುಂಡೆ."

"ಇರಲಿ, ಕೇಳಲಿ," ಅಂದ ಸಾಹೇಬ ದೊಡ್ಡ ಮನಸ್ಸಿನಿಂದ. "ಅದು ನೀವು."

"ನಾವು ಚುಕ್ಕಿನಾ?"

"ಅಂದರೆ, ಆ ಹಂತದ ಬಗ್ಗೆ ನಮ್ಮಲ್ಲಿ ಮಾಹಿತಿ ಇಲ್ಲ ಅಂತ."

ಮಾಹಿತಿ ಪಡೆಯಲು ಒಂದು ಸಿಲಿಂಡರನ್ನು ಮೇಲಿನ ಮನೆಗೆ ಒಯ್ದು ಅಲ್ಲಿ ತೂಗುವುದು ಎಂದಾಯಿತು. ಮೆಟ್ಟಿಲಕ್ಕ ಸಿಲಿಂಡರು ಹೊತ್ತಳು. ತೂಕದ ಯಂತ್ರವನ್ನು ಬರೆದುಕೊಳ್ಳುವವನು ಎತ್ತಿಕೊಂಡ. ನಲವತ್ತನೆಯ ಮೆಟ್ಟಿಲಿಗೆ ಅವನು ಕೂತುಬಿಟ್ಟ. ಅವಳು ಸಿಲಿಂಡರನ್ನು ಟೈಲರಮ್ಮನ ಬಾಗಿಲಿಗೆ ಮುಟ್ಟಿಸಿ, ಮತ್ತೆ ಇಳಿದು ಬಂದು ಯಂತ್ರವನ್ನೂ ಹೊತ್ತೊಯ್ದಳು. ಸಾಹೇಬನ ಕೈಯಲ್ಲಿ ಗಡಿಯಾರವಿತ್ತು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡು ಅವನೂ ಮೇಲೆ ತಲುಪಿದ, ಹಿಂದೆಯೇ ಮೇಡಂ, ಗುಮಾಸ್ತ.

"ಇಪ್ಪತ್ಮೂರು ನಿಮಿಷ," ಅಂದ ಮೇಡಂ ಕಡೆ ತಿರುಗಿ. "ರಸ್ತೆಯ ಅಗತ್ಯ ಕಾಣುವುದಿಲ್ಲ."

ಟೈಲರಮ್ಮನ ಮನೆಯೊಳಗೆ ತೂಗಿದರು. ಸೀಲ್ ಗಟ್ಟಿಯಾಗಿತ್ತು. ಗ್ಯಾಸು ಹನ್ನೊಂದೂವರೆ. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಹೋ ಎಂದರು.

"ಕೆಳಗೆ ಎಷ್ಟಿತ್ತು?" ಅಂದ ಸಾಹೇಬ.

ಗುಮಾಸ್ತ ರಿಜಿಸ್ಟರು ತೆಗೆದು ಓದಿದ. "ಹದಿನಾಲ್ಕು ಸಾರ್."

"ಅಂದರೆ ಎರಡೂವರೆ ಕೆಜಿ ಈ ಮೆಟ್ಟಿಲುಗಳ ಮೇಲೆ ಹೋಗಿದೆ."

"ರಿಜಿಸ್ಟರಲ್ಲಿತ್ತು ಸ್ವಾಮಿ, ಸಿಲಿಂಡರಲ್ಲಿ ಇರ್ಲಿಲ್ಲ," ಅಂದಳು ಮೆಟ್ಟಿಲಕ್ಕ. "ಮೂರನೇ ಮೆಟ್ಲಲ್ಲೇ ನಂಗೊತ್ತಾಯ್ತು. ಕೆಳಗೆ ಲಾರೀಲಿ ಇನ್ನೂ ಐವತ್ತೈತೆ. ಅಲ್ಲೇ ತೂಗಿ. ನಾನೇ ಹೊತ್ಕೊಂಡ್ ಹೋಗಿ ಕೊಡ್ತೀನಿ ಈ ತಕ್ಕಡೀನ."

"ಗೊತ್ತಾಯಿತು ಅಂದರೆ? ಹೇಗೆ?"

"ಬೆನ್ನಿಗೆ ಗೊತ್ತಾಗುತ್ತೆ."

ಸಾಹೇಬ ನಗಲಿಲ್ಲ. ಅವನು ನಿಜಕ್ಕೂ ಯೋಚನೆ ಮಾಡಿದ. "ತೂಕದ ಸಾಧನ ಅಂದಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕಮ್ಮ. ನಿನ್ನ ಬೆನ್ನಿಗೆ ಮುದ್ರೆ ಇದೆಯಾ?"

ಮುದ್ರೆಗಳಿದ್ದವು. ಭುಜದ ಕೆಳಗೆ ಎರಡು, ಸೊಂಟದ ಮೇಲೊಂದು, ಸಿಲಿಂಡರಿನ ಅಂಚು ಕೂತು ಕೂತು ಕಪ್ಪಾದವು. ತೋರಿಸುವ ಜಾಗದಲ್ಲಿರಲಿಲ್ಲ.

"ಆದರೆ ಸಾರ್," ಅಂದಳು ಮೇಡಂ ಸಣ್ಣಗೆ, "ಸೀಲ್ ಮುರಿದಿಲ್ಲ. ಸೀಲ್ ಮುರಿಯದೆ ಇವರು ಹೇಗೆ..."

"ಅದೇ ಆತಂಕದ ವಿಷಯ," ಅಂದ ಸಾಹೇಬ. "ಸೀಲ್ ಮುರಿಯದೆ ತೆಗೆಯುವ ಕೌಶಲ ಇವರಲ್ಲಿದೆ. ಬರೆದುಕೊಳ್ಳಿ."

ಬರೆದುಕೊಳ್ಳುವವನು ಇನ್ನೂ ನಲವತ್ತನೆಯ ಮೆಟ್ಟಿಲಲ್ಲಿದ್ದ. ಮೇಡಮ್ಮೇ ಬರೆದುಕೊಂಡಳು. ಊಟಕ್ಕೆ ತಡವಾಗಿತ್ತು. ಯಂತ್ರವನ್ನು ಮೆಟ್ಟಿಲಕ್ಕ ಕೆಳಗಿಳಿಸಿ ಜೀಪಿನಲ್ಲಿಟ್ಟಳು. ಲಾರಿಯ ಐವತ್ತು ಸಿಲಿಂಡರುಗಳ ಪಕ್ಕದಲ್ಲೇ ಜೀಪು ಹಾದುಹೋಯಿತು.

ಇನ್ನೊಂದು ಸಿಲಿಂಡರು ಹೊತ್ತು ಅವಳು ಮತ್ತೆ ಮೇಲೆ ಹತ್ತಿ ಬಂದಾಗ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನೀರಿನ ಚೊಂಬು.

"ಕುಡಿ," ಅಂದಳು. ಕುಡಿಯುವವರೆಗೆ ಕಾದು, "ನನ್ನ ಕಣ್ಮುಂದೆನೇ ತೂಗಿದ್ರಲ್ಲೇ, ಸೀಲ್ ಗಟ್ಟಿಯಾಗೇ ಇತ್ತು. ನೀನೆಲ್ಲಿ ಕದ್ದೆ?" ಅಂದಳು.

"ಅದನ್ನೇ ನಾನೂ ನಾಲ್ಕು ತಿಂಗ್ಳಿಂದ ಹೇಳ್ತಿರೋದು."

"ನಂಗೆ ಸಿಟ್ಟು ಬಂದ್ರೆ ಕಿವಿ ಕೇಳ್ಸಲ್ಲ," ಅಂದಳು ಟೈಲರಮ್ಮ. ಅವಳ ಮಟ್ಟಿಗೆ ಅದು ಕ್ಷಮೆ ಕೇಳಿದಂತೆ.

*

ಮಾರನೆಯ ವಾರ ಧಣಿ ಮೆಟ್ಟಿಲಕ್ಕನನ್ನು ತನ್ನ ಕೋಣೆಗೆ ಕರೆಸಿದ. ಆರು ವರ್ಷದಲ್ಲಿ ಅವಳು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನೆಲ ಎಷ್ಟು ತಣ್ಣಗಿತ್ತೆಂದರೆ ಬರಿಗಾಲಿನಲ್ಲಿ ನಿಂತಿದ್ದವಳಿಗೆ ಒಂದು ಕ್ಷಣ ಹಾಯೆನಿಸಿತು. ಧಣಿ ಬಯ್ಯುವ ಜಾತಿಯವನಲ್ಲ. ಬಯ್ಯುವುದಕ್ಕೆ ಅವನಿಗೆ ಗುಮಾಸ್ತನಿದ್ದ.

"ಬಾಮ್ಮ. ಅತ್ತೆ ಹೇಗಿದಾರೆ? ಕೆಮ್ಮು ಕಮ್ಮಿ ಆಯ್ತಾ?"

"ಇಲ್ಲ ಧಣಿ."

"ಹೊಗೆ ಒಳ್ಳೇದಲ್ಲಮ್ಮ. ಗ್ಯಾಸಿಗೆ ಬದಲಾಯಿಸ್ಕೊಳ್ಳಿ." ಮೇಜಿನ ಮೇಲಿನ ಕಾಗದವನ್ನು ಅವಳ ಕಡೆ ತಿರುಗಿಸಿದ. "ಸಮಿತಿಯವರದು ಹೊಸ ವ್ಯವಸ್ಥೆ. ಎಲ್ಲರಿಗೂ ನಂಬರು ಇರೋ ಕೋಟು ಕೊಡ್ತಾರೆ, ಹಳದಿದು. ಬೆಳಕಲ್ಲಿ ಹೊಳೆಯುತ್ತೆ. ಈ ಮುಚ್ಚಳಿಕೆಗೆ ನೀವು ಒಂಬತ್ತು ಜನ ಹೆಬ್ಬೆಟ್ಟು ಒತ್ತಬೇಕು. ಮೊದಲು ನೀನು ಒತ್ತಿದ್ರೆ ಉಳಿದೋರು ಒತ್ತುತಾರೆ."

"ಏನ್ ಬರ್ದೈತೆ?"

"ಏನಿಲ್ಲ. ಗೋದಾಮಿಂದ ಮನೆಗೆ ಹೋಗೋದ್ರೊಳಗೆ ತೂಕ ಕಮ್ಮಿ ಬಂದ್ರೆ ಹೊರೋರೇ ಹೊಣೆ. ಕೂಲಿಲಿ ಹಿಡ್ಕೊಳ್ಳೋದು. ಅಷ್ಟೇ."

"ಕಮ್ಮಿ ಇರೋದು ಗೋದಾಮಲ್ಲೇ ಧಣಿ."

ಧಣಿ ಕನ್ನಡಕ ತೆಗೆದು ಒರೆಸಿದ. ಸಿಟ್ಟಿನ ಸುಳಿವೇ ಇರಲಿಲ್ಲ. "ಇರಬಹುದು. ಗೋದಾಮು ಅಂದ್ರೆ ಹಿಂದಿನ ಶೆಡ್ಡು. ಶೆಡ್ಡಲ್ಲಿ ಒಬ್ಬನೇ ಕೆಲಸಗಾರ. ಹಾಜರಿ ಪುಸ್ತಕದಲ್ಲಿ ದಿನಾ ಅವನದೇ ಸಹಿ ಇದೆ. ನಾಲ್ಕು ತಿಂಗಳಿಂದ. ಬೇಕಾದ್ರೆ ಸಮಿತಿಯವರಿಗೆ ಹಾಗೇ ಹೇಳೋಣ. ನೀನೇ ಹೇಳು."

ಅವಳು ಕಾಗದ ನೋಡಿದಳು. ಅಕ್ಷರಗಳು ಇರುವೆಯ ಸಾಲಿನಂತೆ ಹೋಗುತ್ತಿದ್ದವು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಕೆಲಸ ಮೈದುನನಿಗೆ ಯಾಕೆ ಸಿಕ್ಕಿತ್ತೆಂದು ಅವಳಿಗೆ ಈಗ ಪೂರ್ತಿ ಅರ್ಥವಾಯಿತು.

"ಗುರುವಾರ ಸಮಾರಂಭ," ಅಂದ ಧಣಿ. "ಅವತ್ತು ಎಲ್ಲರ ಮುಂದೆ ಒತ್ತು. ಫೋಟೋ ತೆಗೀತಾರೆ. ಸ್ನಾನ ಮಾಡ್ಕೊಂಡು ಬಾ."

*

ಆ ಸಂಜೆ ಮೈದುನ ಕೈತೊಳೆದು ಊಟಕ್ಕೆ ಕೂತಾಗ ಅವಳು ತಟ್ಟೆ ಇಡಲಿಲ್ಲ. ಅವನ ಬಲಗೈ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. ಬೆರಳ ತುದಿಯ ಚರ್ಮ ಸತ್ತು ಸಿಪ್ಪೆಯ ಹಾಗೆ ಎದ್ದಿತ್ತು.

"ಬಣ್ಣ ಹಚ್ಚಿದ್ರೆ ಹಿಂಗಾಗುತ್ತಾ?"

ಅವನು ಕೈ ಎಳೆದುಕೊಳ್ಳಲಿಲ್ಲ. ಒಳಗಿನಿಂದ ಅತ್ತೆಯ ಕೆಮ್ಮು ಒಮ್ಮೆ ಏರಿ ಇಳಿಯಿತು.

"ಪೈಪಲ್ಲಿ ಗ್ಯಾಸು ಹೋಗುವಾಗ ಮಂಜಿನ ಥರ ಕೊರೆಯುತ್ತೆ ಅತ್ತಿಗೆ," ಅಂದ. "ಗುಡ್ಡದ ಸಿಲಿಂಡರ್ ತಲೆಕೆಳಗು ಮಾಡಿ ಹೋಟೆಲ್ ಸಿಲಿಂಡರ್ ಮೇಲಿಡೋದು. ಮಧ್ಯೆ ಪೈಪು. ಎರಡೂವರೆ ಕೆಜಿ ಇಳಿದ್ಮೇಲೆ ತಿರುಗಿಸೋದು. ಹೊಸ ಸೀಲ್ ಹಾಕೋದು. ಸೀಲು ಡಬ್ಬಗಟ್ಟಲೆ ತರ್ಸಿಟ್ಟಿದಾರೆ. ಕೈಗೆ ಗ್ಲೌಸು ಕೇಳ್ದೆ. ಆ ಬೋಳಿಮಗ ಗುಮಾಸ್ತ, ಮದುವೆ ಗಂಡೇನೋ ನೀನು ಅಂದ."

"ದಿನಕ್ಕೆ ಎಷ್ಟು?"

"ಬಂದಷ್ಟೂ."

"ನನ್ನ ಬೆನ್ನ ಮೇಲೆ ಹೋಗುತ್ತೆ ಅಂತ ಗೊತ್ತಿತ್ತಲ್ಲೋ. ನನ್ನನ್ನ ಕಳ್ಳಿ ಅಂತ ಬಯ್ತಾರೆ ಅಂತಾನೂ ಗೊತ್ತಿತ್ತು."

"ಗೊತ್ತಿತ್ತು." ಅವನು ನೆಲ ನೋಡುತ್ತಿದ್ದ. "ಹೊರೆ ಕಮ್ಮಿ ಆಯ್ತಲ್ಲ ಅಂತ ಅಂದ್ಕೊಂಡೆ. ದಿನಕ್ಕೆ ಹತ್ತು ಹೊರ್ತೀಯ. ಹತ್ತು ಸಲ ಎರಡೂವರೆ... ಅಣ್ಣ ಬಿದ್ದಿದ್ದು ತುಂಬಿದ್ದು ಹೊತ್ತಾಗ್ಲೇ ಅಲ್ವಾ."

ಅವಳಿಗೆ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ತಲೆ ಸವರಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ತಟ್ಟೆ ಇಟ್ಟು ಬಡಿಸಿದಳು.

"ಗುಮಾಸ್ತ ನಂಗೂ ಹೇಳ್ದ. ನೀನು ಹೆಬ್ಬೆಟ್ಟು ಒತ್ತಿಬಿಡು ಅತ್ತಿಗೆ," ಅಂದ ಅವನು ತುತ್ತು ಎತ್ತದೆ. "ಇಲ್ಲಾಂದ್ರೆ ನನ್ನನ್ನ ಹಾಕ್ತಾರೆ ಒಳಗೆ."

"ಒತ್ತಿದ್ರೆ ಒಂಬತ್ತು ಜನ ದಿನಾ ಇಲ್ಲದ ಗ್ಯಾಸಿಗೆ ದಂಡ ಕಟ್ಟಬೇಕು. ಗುಡ್ಡದೋರು ಅರ್ಧ ಅನ್ನ ತಿನ್ನಬೇಕು. ನೀನು ಬೆರಳು ಉದುರೋವರ್ಗೂ ತಿರುಗಿಸ್ತಾ ಇರ್ಬೇಕು. ಆಮೇಲೂ ಯಾವತ್ತೋ ಒಂದಿನ ನಿನ್ನನ್ನೇ ಹಾಕ್ತಾರೆ."

"ಹಂಗಾದ್ರೆ?"

"ನಾನು ನಿನ್ನ ಹೆಸ್ರು ಹೇಳಲ್ಲ. ಆದ್ರೆ ಅವ್ರು ಹೇಳ್ತಾರೆ. ಅದನ್ನ ತಡೆಯೋಕೆ ನನ್ ಕೈಲಾಗಲ್ಲ."

ಅವನು ತುಂಬ ಹೊತ್ತು ಅನ್ನ ಕಲಸುತ್ತಿದ್ದ. ಹದಿನೆಂಟು ವರ್ಷ ಅವಳ ಕೈಯಲ್ಲಿ ಉಂಡವನು. ಕೊನೆಗೆ ಒಂದು ತುತ್ತು ಬಾಯಿಗಿಟ್ಟುಕೊಂಡು, "ಉಪ್ಪು ಕಮ್ಮಿ," ಅಂದ. ಅವಳು ಉಪ್ಪಿನ ಡಬ್ಬಿ ಮುಂದೆ ಸರಿಸಿದಳು.

ಮಾರನೆಯ ದಿನ ಅವಳು ಮೊದಲು ಟೈಲರಮ್ಮನ ಹತ್ತಿರ, ಆಮೇಲೆ ಹೊರುವ ಉಳಿದ ಎಂಟು ಜನರ ಹತ್ತಿರ ಮಾತಾಡಿದಳು. ಎಲ್ಲರಿಗಿಂತ ಹಿರಿಯ ಮುದ್ಕಪ್ಪ, ನಲವತ್ತು ವರ್ಷ ಹೊತ್ತು ಬೆನ್ನು ಕೊಡೆಯ ಹಿಡಿಯಂತೆ ಬಾಗಿದವನು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮೇಲಕ್ಕೆ ಹೊರಬೇಕಾ?"

"ಇಲ್ಲ. ಲಾರಿಯಿಂದ ಗೇಟಿಗೆ."

"ಹಂಗಾದ್ರೆ ಸಲೀಸು," ಅಂದ ಮುದ್ಕಪ್ಪ.

*

ಗುರುವಾರ ಗೇಟಿನೊಳಗೆ ಶಾಮಿಯಾನ, ಖುರ್ಚಿ, ಹಳದಿ ಕೋಟುಗಳ ಕಟ್ಟು, ಇಂಕಿನ ಡಬ್ಬಿ. ಸಮಿತಿಯ ಜೀಪು ಅಂಗಳದೊಳಗೆ ನೆರಳಿನಲ್ಲಿ ನಿಂತಿತ್ತು. ಅದರ ಹಿಂದೆ ಹೋಟೆಲುಗಳಿಗೆ ಹೋಗುವ ಲಾರಿ, ತುಂಬಿಸಿ ಸಿದ್ಧವಾಗಿತ್ತು. ಗುಡ್ಡದ ಲಾರಿ ಮಾತ್ರ ಶೆಡ್ಡಿನಿಂದ ತುಂಬಿಕೊಂಡು ಬಂದು ಎಂದಿನಂತೆ ಹೊರಗೆ ರಸ್ತೆಯಲ್ಲಿ.

ಸಾಹೇಬ ಭಾಷಣ ಶುರುಮಾಡಿದ. ಹೊರುವ ಒಂಬತ್ತು ಜನ ಹಗ್ಗದಾಚೆ ಇರಬೇಕಾದಲ್ಲಿ ಇರಲಿಲ್ಲ. ಗುಮಾಸ್ತ ಕತ್ತು ಚಾಚಿ ನೋಡಿದಾಗ ಅವರು ಲಾರಿಯಿಂದ ಸಿಲಿಂಡರು ಇಳಿಸುತ್ತಿದ್ದರು. ಕೆಲಸ ಮಾಡುತ್ತಿದ್ದಾರೆ ಎಂದು ಅವನಿಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೋಡಿದ. ಸಿಲಿಂಡರುಗಳು ಮೆಟ್ಟಿಲ ಕಡೆಗೆ ಹೋಗುತ್ತಿರಲಿಲ್ಲ. ಗೇಟಿನ ಅಗಲಕ್ಕೂ ಒಂದು ಸಾಲು ನಿಂತಿತ್ತು. ಅದರ ಹಿಂದೆ ಇನ್ನೊಂದು. ಗುಡ್ಡದಿಂದ ಹೆಂಗಸರು ಇಳಿದು ಬರುತ್ತಿದ್ದರು, ಮುಂದೆ ಟೈಲರಮ್ಮ, ಕುತ್ತಿಗೆಗೆ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಬಂದವರು ಬಂದಂತೆ ಒಂದೊಂದು ಸಿಲಿಂಡರಿನ ಮೇಲೆ ಕೂತರು.

"ಏನ್ರೇ ಇದು ಲೌಡೀರಾ! ಎತ್ತಿ ಆಚೆಗೆ!" ಗುಮಾಸ್ತ ಓಡಿಬಂದ.

"ತೂಗು. ಎತ್ತುತೀವಿ," ಅಂದಳು ಮೆಟ್ಟಿಲಕ್ಕ.

"ನಿನ್ನವ್ವನ್..."

"ನಮ್ಮವ್ವ ಸತ್ತು ಹೋದ್ಲು. ಸಾಹೇಬ್ರನ್ನ ಕರಿ."

ಸಾಹೇಬ ಬಂದ. ಹಿಂದೆ ಧಣಿ, ಮೇಡಂ, ಫೋಟೋದವನು. ಸಿಲಿಂಡರುಗಳ ಆಚೆಗೆ ಮೆಟ್ಟಿಲಕ್ಕ, ಈಚೆಗೆ ಅವರು. ಅವಳು ಸ್ನಾನ ಮಾಡಿಕೊಂಡೇ ಬಂದಿದ್ದಳು.

"ಅರವತ್ತೈತೆ ಸ್ವಾಮಿ. ಇನ್ನೂ ಒಂದು ಮೆಟ್ಲೂ ಹತ್ತಿಲ್ಲ. ನಿಮ್ ತಕ್ಕಡಿ ಜೀಪಲ್ಲೈತೆ, ಜೀಪು ಇಲ್ಲೇ ಐತೆ. ಒಂದೊಂದೇ ಇಟ್ಟು ನೋಡಿ. ಹದಿನಾಲ್ಕು ಬಂದ್ರೆ ಈಗ್ಲೇ ಹೆಬ್ಬೆಟ್ಟು ಒತ್ತುತೀವಿ, ಹತ್ತೂ ಬೆರಳು ಒತ್ತುತೀವಿ."

ಸಾಹೇಬ ಧಣಿಯ ಮುಖ ನೋಡಿದ. ಮೇಡಂ ಜೀಪಿನ ಕಡೆ ಎರಡು ಹೆಜ್ಜೆ ಇಟ್ಟಳು.

"ಇವತ್ತಿನ ಕಾರ್ಯಕ್ರಮದಲ್ಲಿ ತೂಕ ಇಲ್ಲ," ಅಂದ ಸಾಹೇಬ. ಮೇಡಂ ನಿಂತಳು.

ಧಣಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಗುಮಾಸ್ತನ ಕಿವಿಯಲ್ಲಿ ಒಂದು ಮಾತು ಹೇಳಿದ. ಗುಮಾಸ್ತ ಶೆಡ್ಡಿಗೆ ಹೋಗಿ ಮೈದುನನನ್ನು ರಟ್ಟೆ ಹಿಡಿದು ಎಳೆದು ತಂದ.

"ಸಾರ್, ನಮಗೂ ಈಗ ತಾನೆ ಗೊತ್ತಾಯಿತು," ಅಂದ ಧಣಿ ತಲೆ ತಗ್ಗಿಸಿ. "ಇವನೇ ಸಾರ್ ಕಳ್ಳ. ಈ ಹೆಂಗಸಿನ ಸ್ವಂತ ಮೈದುನ. ಇವನು ತೆಗೆಯೋದು, ಇವಳು ಸಾಗಿಸೋದು. ನಂಬಿ ಕೆಟ್ಟೆ ಸಾರ್."

ಸಾಹೇಬನ ಮುಖದಲ್ಲಿ ಎಷ್ಟೋ ದಿನದ ಭಾರ ಇಳಿದಂತಾಯಿತು. ಸೋರಿಕೆ ಸಿಕ್ಕಿತ್ತು. ಅದಕ್ಕೆ ಎರಡು ಕಾಲು, ಒಂದು ಮೀಸೆ ಇತ್ತು.

"ಹೌದೇನೋ?"

ಮೈದುನ ಅತ್ತಿಗೆಯ ಕಡೆ ನೋಡಿದ. ಅವಳು ಏನೂ ಸನ್ನೆ ಮಾಡಲಿಲ್ಲ.

"ಹೌದು, ನಾನೇ ತಿರುಗಿಸ್ತಿದ್ದೆ," ಅಂದ ಅವನು. "ಇಲ್ಲಿಂದ ತೆಗ್ದು ಅಲ್ಲಿಗೆ ತುಂಬ್ತಿದ್ದೆ." ಬಿಳಿಚಿದ ಬೆರಳಿನಿಂದ ಹೋಟೆಲಿನ ಲಾರಿ ತೋರಿಸಿದ. "ಆ ಲಾರಿ ನಂದಲ್ಲ ಸಾರ್. ಯಾರ್ದು ಅಂತ ಅದನ್ನೂ ಬರ್ಕೊಳ್ಳಿ."

ಬರೆದುಕೊಳ್ಳುವವನು ಪೆನ್ನು ಎತ್ತಿದ.

"ಹೋಟೆಲು ಪೂರೈಕೆ ನಮ್ಮ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ," ಅಂದ ಸಾಹೇಬ. ಬರೆದುಕೊಳ್ಳುವವನು ಪೆನ್ನು ಇಳಿಸಿದ.

ಪೊಲೀಸರು ಬಂದರು. ಒಬ್ಬ ಇನ್ಸ್‌ಪೆಕ್ಟರು, ನಾಲ್ವರು ಪೇದೆಗಳು. ತಮ್ಮ ವಾಹನವನ್ನು ಹೊರಗೇ ನಿಲ್ಲಿಸಿ, ಹೆಂಗಸರ ನಡುವೆ ದಾರಿ ಮಾಡಿಕೊಂಡು, ಸಿಲಿಂಡರುಗಳ ಮೇಲೆ ಹುಷಾರಾಗಿ ಕಾಲು ಎತ್ತಿಟ್ಟು ಒಳಗೆ ಬಂದರು. ಮತ್ತೆ ಅದೇ ಹೆಂಗಸರ ನಡುವೆ ಮೈದುನನನ್ನು ನಡೆಸಿಕೊಂಡು ಹೋಗುವುದು ಬೇಡವೆಂದು ಅವನನ್ನು ಸಮಿತಿಯ ಜೀಪಿನಲ್ಲಿ ಕೂರಿಸಿದರು, ಠಾಣೆಗೆ ಒಯ್ಯುವುದಕ್ಕೆ. ಜೀಪು ಚಾಲೂ ಆಯಿತು. ಗೇಟಿನವರೆಗೆ ಬಂದು ನಿಂತಿತು.

"ದಾರಿ ಬಿಡ್ರಮ್ಮ," ಅಂದ ಇನ್ಸ್‌ಪೆಕ್ಟರು.

"ತೂಗಿ ಸ್ವಾಮಿ, ಬಿಡ್ತೀವಿ."

"ಅವನೇ ಒಪ್ಪಿಕೊಂಡಿದಾನಲ್ಲ. ಇನ್ನೇನು ತೂಗೋದು?"

"ಅವನು ಒಪ್ಕೊಂಡ. ಲಾರಿ ಒಪ್ಕೊಂಡಿಲ್ಲ," ಅಂದಳು ಟೈಲರಮ್ಮ. "ಅದನ್ನೂ ಇಳ್ಸಿ ತೂಗಿ."

ಇನ್ಸ್‌ಪೆಕ್ಟರು ಹೆಂಗಸರನ್ನು ಲೆಕ್ಕ ಹಾಕಿದ. ಮೂವತ್ತಕ್ಕೆ ನಿಲ್ಲಿಸಿದ. ಲಾಠಿ ಬೀಸಬಹುದಿತ್ತು. ಆದರೆ ಅವರ ಕೆಳಗೆ ಅರವತ್ತು ತುಂಬಿದ ಸಿಲಿಂಡರುಗಳಿದ್ದವು, ಫೋಟೋದವನೂ ಇದ್ದ. ಇನ್ಸ್‌ಪೆಕ್ಟರು ಗುಮಾಸ್ತನ ಕಡೆ ತಿರುಗಿದ.

"ಇವನ್ನೆಲ್ಲ ತೆಗೆಸ್ರೀ. ಹೊರೋ ಆಳುಗಳನ್ನ ಕರೀರಿ."

"ಸಾರ್..." ಗುಮಾಸ್ತ ತಡವರಿಸಿದ. "ಹೊರೋರು ಇವ್ರೇ ಸಾರ್. ಕೂತಿರೋರು."

"ಬೇರೆ ಆಳು?"

"ಬೇರೆ ಯಾರೂ ಇಲ್ಲ ಸಾರ್."

ಇನ್ಸ್‌ಪೆಕ್ಟರು ಟೋಪಿ ತೆಗೆದು ಒಳಗಿನ ಬೆವರು ಒರೆಸಿ ಮತ್ತೆ ಹಾಕಿಕೊಂಡ. ಇಬ್ಬರು ಪೇದೆಗಳಿಗೆ ಕಣ್ಣಲ್ಲೇ ಹೇಳಿದ. ಅವರು ತುದಿಯಲ್ಲಿದ್ದ ಸಿಲಿಂಡರಿನ ಮೇಲಿಂದ ಒಬ್ಬ ಮುದುಕಿಯನ್ನು ಎಬ್ಬಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು ಎತ್ತಿದರು.

"ಸೊಂಟ ಬಗ್ಗಿಸ್ಬೇಡಿ ಸ್ವಾಮಿ," ಅಂದ ಮುದ್ಕಪ್ಪ ಕೂತಲ್ಲಿಂದಲೇ, ನಿಜವಾದ ಕಾಳಜಿಯಿಂದ. "ಮೊಣಕಾಲು ಬಗ್ಗಿಸಿ. ಆಮೇಲೆ ರಾತ್ರಿ ಮಲಗೋಕಾಗಲ್ಲ."

ಪೇದೆಗಳು ಹತ್ತು ಹೆಜ್ಜೆ ನಡೆದರು. ಹನ್ನೊಂದನೆಯದಕ್ಕೆ ಸಿಲಿಂಡರನ್ನು ನೆಲಕ್ಕಿಟ್ಟು ಕೈ ಕೊಡವಿಕೊಂಡರು. ಒಬ್ಬ ಪೇದೆ ಅಂಗೈ ನೋಡಿಕೊಂಡ. ಇನ್ನೂ ಐವತ್ತೊಂಬತ್ತು ಇದ್ದವು. ಬಿಸಿಲು ಏರುತ್ತಿತ್ತು. ಗುಡ್ಡದ ಮೇಲೆ ಆ ಹೊತ್ತಿನಲ್ಲಿ ಒಂದು ಒಲೆಯೂ ಉರಿಯುತ್ತಿರಲಿಲ್ಲ. ಜೀಪಿನೊಳಗೆ ಮೈದುನ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದ.

ಮೆಟ್ಟಿಲಕ್ಕ ಎದ್ದಳು. ಯಾರ ಕಡೆಯೂ ನೋಡದೆ ಆ ಸಿಲಿಂಡರಿನ ಹತ್ತಿರ ಹೋಗಿ, ಬೆನ್ನು ಕೊಟ್ಟು ಕೂತು, ಪಟ್ಟಿ ಹಾಕಿ, ಒಂದೇ ಉಸಿರಿಗೆ ಎದ್ದಳು. ಹತ್ತು ಹೆಜ್ಜೆ ಹಿಂದಕ್ಕೆ ನಡೆದು ಬಂದು, ಗೇಟಿನಲ್ಲಿ ಖಾಲಿ ಬಿದ್ದ ಜಾಗಕ್ಕೆ ಅದನ್ನು ಇಳಿಸಿದಳು. ಮುದುಕಿ ಮತ್ತೆ ಅದರ ಮೇಲೆ ಕೂತಳು.

"ಹನ್ನೊಂದೂವರೆ," ಅಂದಳು ಮೆಟ್ಟಿಲಕ್ಕ, ಪೇದೆಗಳಿಗೆ ಕೇಳುವಷ್ಟು ಜೋರಾಗಿ. ಆಮೇಲೆ ತನ್ನ ಜಾಗಕ್ಕೆ ಹೋಗಿ, ಜೀಪಿನ ಮೂತಿಗೆ ಎದುರಾಗಿ ಕೂತುಕೊಂಡಳು.

ಇನ್ಸ್‌ಪೆಕ್ಟರು ಮುಂದಿನ ಸಿಲಿಂಡರಿನ ಕಡೆ ಕೈ ತೋರಿಸಿದ. ಪೇದೆಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಈ ಸಲ ಮೊಣಕಾಲು ಬಗ್ಗಿಸಿದರು.